ಮದುವೆಗೆ ಹಾಕುವ ವಿದಾಯದ ಹಾಡು

ಶುಕ್ರವಾರ, 14 ನವೆಂಬರ್

ಆ ಹಾಡು ಇನ್ನೂ ತಲೆಯಿಂದ ಇಳಿಯುತ್ತಿಲ್ಲ. ಇಲ್ಲಿ ಕುವೈತ್‌ನ ಸಲ್ವಾದಲ್ಲಿ ಗೆಳತಿ ಆಗ್ನೆಸ್‌ಳ ಮದುವೆಯ ಬೆಳ್ಳಿಹಬ್ಬ. ಕೇಕ್ ಕತ್ತರಿಸಿದ ಮೇಲೆ ಗಂಡಹೆಂಡಿರ ಡಾನ್ಸಿಗೆ ಅದನ್ನೇ ಹಾಕಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜೂಕ್‌ಬಾಕ್ಸ್‌ಗಳಲ್ಲೆಲ್ಲ ಮೊಳಗಿದ ಕಂಟ್ರಿ ಹಾಡು. ಬಿಟ್ಟುಹೋಗುವವಳಿಗೆ ಗಂಡಸೊಬ್ಬ ಹೇಳುವ ವಿದಾಯ ಅದು. ನಾವು ಮಂಗಳೂರಿನವರು ಮಾತ್ರ, ವಾಲ್ಟ್ಜ್‌ಗೆ ಚೆನ್ನಾಗಿ ಕೂರುತ್ತದೆಂದು, ಮದುವೆಗಳಿಗೆಲ್ಲ ಅದನ್ನೇ ಹಾಕುತ್ತೇವೆ. ನನ್ನ ಮದುವೆಗೂ ಹಾಕಿದ್ದರು. ಅರ್ಥ ಗೊತ್ತಿದ್ದೂ ಐವನ್‌ನ ಭುಜಕ್ಕೆ ಒರಗಿ ಸುಖವಾಗಿ ಕುಣಿದಿದ್ದೆ.

"ನೀ ಎಂತ ಕೂತದ್ದು ಮಾರಾಯ್ತಿ? ಐವನ್ ಇಲ್ಲದಿದ್ರೆ ಎಂತಾಯ್ತು? ನನ್ನವರನ್ನು ಒಂದು ಹಾಡಿಗೆ ಕೊಡ್ತೇನೆ, ವಾಪಸ್ ತಂದುಬಿಡು ಆಯ್ತಾ!" ಎಂದಳು ಆಗ್ನೆಸ್. ಎಲ್ಲರೂ ನಕ್ಕರು. ನಾನೂ ನಕ್ಕೆ, ಏಳಲಿಲ್ಲ.

ಕೆಲಸ ಹೋಗಿ ಐವನ್ ಊರಿಗೆ ಮರಳಿ ಮೂರು ವರ್ಷವಾಯಿತು. ಮಗಳ ಶಾಲೆ ಮುಗಿಯಲಿ ಎಂದು ನಾನು ಉಳಿದೆ. ಅವಳೀಗ ಮಣಿಪಾಲದಲ್ಲಿದ್ದಾಳೆ. ನಾನಿನ್ನೂ ಇಲ್ಲಿ ಯಾಕಿದ್ದೇನೆ?

ಮನೆಗೆ ಬಂದವಳೇ ಐವನ್‌ಗೆ ಫೋನ್ ಮಾಡಿ ಹಾಡಿನ ವಿಷಯ ಹೇಳಿದೆ.

"ಓ, ಅದಾ? ನೀನು ನನ್ನ ಹೊಸ ಶೂ ಮೆಟ್ಟಿ ಮೆಟ್ಟಿ ಹಾಳು ಮಾಡಿದ್ದು!" ಎಂದು ನಕ್ಕ. ಆಮೇಲೆ ಮೆಲ್ಲಗೆ, "ಈ ಸಲವೂ ಇಕಾಮಾ ರಿನ್ಯೂ ಮಾಡ್ತೀಯಾ?" ಎಂದ. ನಾನಿಲ್ಲಿ ಉಳಿಯಲು ಬೇಕಾದ ಪರವಾನಗಿ ಅದು.

"ನೋಡಬೇಕು," ಎಂದೆ.

ಬರುತ್ತೇನೆ ಎನ್ನುವುದು ಬಾಯಲ್ಲೇ ಇತ್ತು. ಬಾ ಎಂದು ಅವನೇ ಹೇಳಲಿ ಎಂದು ಕಾದೆ. ಅವನೂ ಹಾಗೆಯೇ ಕಾದನೋ ಏನೋ, ಫೋನ್ ಇಡಲಿಲ್ಲ. ಅತ್ತ ನಮ್ಮ ಕೋಣೆಯ ಫ್ಯಾನ್ ಕಿರುಗುಟ್ಟುವುದು ಕೇಳುತ್ತಿತ್ತು. ಅದರಡಿ ಅವನ ಪಕ್ಕ ಮಲಗಬೇಕು, ಅಷ್ಟೇ ಬೇಕಾಗಿರುವುದು. ಬೆಳಿಗ್ಗೆ ನಾನೇ ಫೋನ್ ಮಾಡಿ, ಅವನು ಏನಾದರೂ ಕೇಳುವ ಮೊದಲೇ ಬರುತ್ತೇನೆ ಎಂದು ಹೇಳಿಬಿಡುತ್ತೇನೆ.