ರೇವಮ್ಮನ ನಂತರ ಕುಡಿಯುವವರು

ಗುಬ್ಬಿ
1 ಏಪ್ರಿಲ್ 2024, ಸೋಮವಾರ

ಪ್ರೀತಿಯ ಯಜಮಾನರಿಗೆ,

ಸಾವನ್ನು ಗೆದ್ದು ಎದ್ದ ಕರ್ತನ ಹೆಸರಿನಲ್ಲಿ ನಿಮ್ಮ ದಯಾಮಣಿಯ ವಂದನೆಗಳು. ಹೇಗಿದ್ದೀರಿ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳುತ್ತಿದ್ದೀರೋ, ಇಲ್ಲ ನಿಮ್ಮ ತಮ್ಮನ ಹೆಂಡತಿ ಬಡಿಸಿದ ಒಬ್ಬಟ್ಟು ತಿಂದಾದ ಮೇಲೆ ನೆನಪಾಗುತ್ತದೋ? ನಿಮ್ಮ ಹೊಸ ಸಭೆ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿದೆ ಅಂತ ಕೇಳಿದೆ. ಆ ಮಂಡಿ ಇಟ್ಟುಕೊಂಡು ವಾರಕ್ಕೆ ಮೂರು ಸಲ ಮೆಟ್ಟಿಲು ಹತ್ತಬೇಡಿ. ಅತ್ತೆ ಚೆನ್ನಾಗಿದ್ದಾರೆ. ಎಂಬತ್ತನಾಲ್ಕಾದರೂ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಕಾಫಿಗೆ ಕೂಗುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀವು ಸತ್ಯವೇದದ ಮೂರು ವಾಕ್ಯ ಹೇಳಿ ಮುಗಿಸಿರುತ್ತೀರಿ. ಕಾಗದವಾದರೆ ನಾನು ಮುಗಿಸುವವರೆಗೂ ನೀವು ಸುಮ್ಮನಿರಲೇಬೇಕು.

ಪಕ್ಕದ ಮನೆಯ ಗಂಗಣ್ಣನ ಲಗೇಜ್ ಆಟೋದಲ್ಲಿ ನೀವು ಕಳಿಸಿದ ಫಾರಂ ಬಂದು ಹತ್ತು ದಿನವಾಯಿತು. ಪಾಪ, ಅದೇನು ಅಂತ ಗೊತ್ತಿಲ್ಲದೆ ತೆಂಗಿನಕಾಯಿ ಚೀಲದ ಜೊತೆ ಕೊಟ್ಟು ಹೋದ. ಗುಬ್ಬಿಯ ಸಭೆಯನ್ನು ಬಿಟ್ಟು ಕುಣಿಗಲ್ಲಿನ ಹೊಸ ಸಭೆಗೆ ಸ್ವಂತ ಇಷ್ಟದಿಂದ ಸೇರುತ್ತಿದ್ದೇನೆ ಎಂದು ಬರೆಸಿ, ಕೆಳಗೆ ನನ್ನ ಹೆಸರನ್ನೂ ಟೈಪ್ ಮಾಡಿಸಿದ್ದೀರಿ. ಸ್ವಂತ ಇಷ್ಟ ನನ್ನದಂತೆ, ಟೈಪ್ ಮಾಡಿಸಿದ್ದು ನೀವಂತೆ! ಇದೇ ಏಳನೇ ತಾರೀಖು ನಿಮ್ಮನ್ನು ಅಲ್ಲಿ ಸಭೆಯ ಹಿರಿಯರನ್ನಾಗಿ ನೇಮಿಸುತ್ತಾರೆ, ಹೆಂಡತಿಯನ್ನೇ ಕರೆತರಲಾಗದವನು ಸಭೆಯನ್ನು ಹೇಗೆ ನಡೆಸುತ್ತಾನೆ ಅಂತ ಅಲ್ಲಿನವರು ಕೇಳುತ್ತಿದ್ದಾರೆ, ಇದು ನಿಮ್ಮ ಸಂಕಟ. ಜೊತೆಗಿಟ್ಟ ಚೀಟಿಯಲ್ಲಿ ಬರೆದಿದ್ದೀರಿ, ಈಸ್ಟರ್ ಒಳಗೆ ಸಹಿ ಬರದಿದ್ದರೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ ಅಂತ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡ ಹಾಗೆ ಬರೆದಾಗ ಹೆಂಗಸು ಹೆದರಬೇಕು. ನಾನೂ ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಈಸ್ಟರ್ ನಿನ್ನೆಗೆ ಮುಗಿಯಿತು, ಸಹಿ ಹಾಕಿಲ್ಲ.

ಈ ಜಗಳ ಹೇಗೆ ಶುರುವಾಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ನೀವು ಅಲ್ಲಿ ಹೇಳಿಕೊಂಡು ಬರುತ್ತಿರುವುದು ಬೇರೆ ಥರ ಇದೆಯಂತೆ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲಿನಿಂದಲೂ ನಮ್ಮ ದೇವಾಲಯದಲ್ಲಿ ಪ್ರಭುಭೋಜನದ ದ್ರಾಕ್ಷಾರಸಕ್ಕೆ ಒಂದೇ ಬಟ್ಟಲು. ಜನ ಸಾಲಾಗಿ ವೇದಿಯ ಕಟಕಟೆಯ ಮುಂದೆ ಮಂಡಿಯೂರುವುದು, ಸಭಾಪಾಲಕ ಅಯ್ಯನವರು ಒಬ್ಬರಿಗೆ ಕುಡಿಸಿ, ಬಿಳಿ ಬಟ್ಟೆಯಿಂದ ಅಂಚು ಒರೆಸಿ, ಬಟ್ಟಲನ್ನು ಸ್ವಲ್ಪ ತಿರುಗಿಸಿ ಮುಂದಿನವರ ಬಾಯಿಗೆ ಹಿಡಿಯುವುದು. ಕೊರೊನಾ ಬಂದಾಗ ಅದು ನಿಂತು, ತಲೆಗೊಂದರಂತೆ ಪುಟ್ಟ ಪುಟ್ಟ ಲೋಟ ಬಂದವು. ಒಳ್ಳೆಯದೇ ಆಯಿತು ಅಂತ ಆಗ ನಾನೂ ಅಂದೆ. ಶನಿವಾರ ಸಂಜೆ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಸೋಸಿ ರಸ ಮಾಡುವವಳೂ ನಾನೇ, ನೂರಾನಲವತ್ತು ಲೋಟವನ್ನು ಬಿಸಿನೀರಲ್ಲಿ ತೊಳೆದು ಒರೆಸುವವಳೂ ನಾನೇ. ಬೆರಳು ಸುಕ್ಕಾದರೂ ಜನರ ಆರೋಗ್ಯ ಅಂತ ಒಂದು ದಿನ ಬೇಸರಪಟ್ಟುಕೊಂಡವಳಲ್ಲ. ಹೋದ ವರ್ಷ ಹೊಸದಾಗಿ ಬಂದ ಅಯ್ಯನವರು, ರೋಗ ಹೋಯಿತಲ್ಲ, ಇನ್ನು ಒಂದೇ ಬಟ್ಟಲಿಗೆ ಹಿಂತಿರುಗೋಣ ಅಂದಾಗ ನೀವು ಹನ್ನೆರಡು ಮನೆಯವರು ಬೇಡ ಅಂತ ಎದ್ದು ನಿಂತಿರಿ. ಆಗಲೂ ನಾನು ನಿಮ್ಮ ಕಡೆಯೇ ಕೈ ಎತ್ತಿದೆ.

ಆಮೇಲೆ ನವೆಂಬರಿನ ಆ ಭಾನುವಾರ. ಆರಾಧನೆ ಮುಗಿದು ಮೀಟಿಂಗ್ ನಡೆಯುತ್ತಿತ್ತು, ರೇವಮ್ಮ ಎಂದಿನಂತೆ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಪಟ್ಟಣ ಪಂಚಾಯ್ತಿಯಲ್ಲಿ ಬೀದಿ ಗುಡಿಸಿ ನಿವೃತ್ತರಾದ ಹೆಂಗಸು, ನನ್ನ ತವರು ಅಮೃತೂರಿನ ಕೇರಿಯವರೇ, ನನ್ನ ತಾಯಿಯ ಜೊತೆ ಒಂದೇ ದಿನ ದೀಕ್ಷಾಸ್ನಾನ ಪಡೆದವರು. ನಿಮ್ಮ ದೊಡ್ಡಪ್ಪನ ಮಗ ಅಪ್ಪಾಜಿ ಎದ್ದು, ಅವರ ಎದುರಿಗೇ, ನಗುನಗುತ್ತಾ ಹೇಳಿದರು: “ರೇವಮ್ಮ ಬಾಯಿಟ್ಟಿದ್ ಬಟ್ಲಲ್ಲಿ ನಾವ್ ಕುಡಿಬೇಕಾ? ಕೊರೊನಾ ಬಂದಿದ್ದೇ ಒಳ್ಳೇದಾಯ್ತು ಬುಡು.” ನಾಲ್ಕು ಜನ ನಕ್ಕರು. ನಾನು ನಿಮ್ಮ ಮುಖ ನೋಡಿದೆ. ನೀವು ಹಾರ್ಮೋನಿಯಂ ಮೇಲೆ ಬಟ್ಟೆ ಮುಚ್ಚುತ್ತಿದ್ದಿರಿ. ಅಷ್ಟು ಹೊತ್ತು ಬಟ್ಟೆ ಮುಚ್ಚುವ ಹಾರ್ಮೋನಿಯಂ ಅಲ್ಲ ಅದು, ನನಗೆ ಗೊತ್ತಿಲ್ಲವೇ? ಮುಂದಿನ ವಾರವೇ ಹನ್ನೆರಡು ಮನೆ ಬೇರೆಯಾಗಿ ಕುಣಿಗಲ್ಲಿನ ಹೊಸ ಸಭೆ ಸೇರಿತು. ನೀವು ಪೆಟ್ಟಿಗೆ ಕಟ್ಟಿಕೊಂಡು ಅಲ್ಲಿಗೇ, ತಮ್ಮನ ಮನೆಗೆ ಹೋದಿರಿ.

ಅಲ್ಲಿ ಎಲ್ಲರಿಗೂ ಆರೋಗ್ಯದ ವಿಚಾರ ಅಂತ ಹೇಳುತ್ತಿದ್ದೀರಂತೆ. ಯಾರ ಮುಂದೆ ಹೇಳುತ್ತೀರಿ ಆರೋಗ್ಯದ ಮಾತು! ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ಎಂಜಲು ಬೆರಳಿನಲ್ಲಿ ಟಿಕೆಟ್ ಹರಿದು ಸಾವಿರಾರು ಜನರ ಕೈಗೆ ಕೊಟ್ಟವರು ನೀವು. ತುಮಕೂರಿನ ಶಿರಾ ಗೇಟ್ ಹತ್ತಿರ ಬಸ್ ನಿಲ್ಲಿಸಿಕೊಂಡು, ಬಕೆಟ್ ನೀರಿನಲ್ಲಿ ಒಂದು ಸಲ ಅದ್ದಿ ತೆಗೆದ ಗ್ಲಾಸಿನಲ್ಲಿ ಟೀ ಕುಡಿಯುತ್ತಿದ್ದಿರಿ. ಅದಕ್ಕೂ ಮುಂಚೆ ಯಾರು ಬಾಯಿಟ್ಟಿದ್ದರು ಅಂತ ಒಂದು ದಿನ ಕೇಳಿದ್ದೀರಾ? ಅಪ್ಪಾಜಿಯವರಂತೂ ಒಂದೇ ಬೀಡಿಯನ್ನು ಮೂವರ ಜೊತೆ ಸೇದುತ್ತಾರೆ. ಶಿರಾ ಗೇಟಿನಲ್ಲಿ ಅಂಟದ ರೋಗ ಕರ್ತನ ಮೇಜಿನಲ್ಲಿ ಅಂಟುತ್ತದೆಯೇ? ನಿಜವಾಗಿ ರೋಗಕ್ಕೆ ಹೆದರುವವರು ಪುಟ್ಟ ಲೋಟದಲ್ಲೇ ಕುಡಿಯಲಿ, ನಾನೇ ತೊಳೆದುಕೊಡುತ್ತೇನೆ. ಆದರೆ ಜಾತಿಗೆ ಮಾಸ್ಕ್ ಹಾಕಿ ಆರೋಗ್ಯ ಅಂತ ಹೆಸರಿಟ್ಟರೆ ನನ್ನ ಮೈ ಉರಿಯುತ್ತದೆ.

ನೀವು ಹೋದ ಮೇಲೆ ಸುಮ್ಮನೆ ಕೂತು ಯೋಚನೆ ಮಾಡಿದೆ. ಇಷ್ಟು ವರ್ಷ ಅಯ್ಯನವರು ಬನ್ನಿ ಅಂದ ಕೂಡಲೇ ಮೊದಲು ಏಳುತ್ತಿದ್ದವರು ನಿಮ್ಮ ಮನೆಯವರು. ನಿಮಗೆ ಹಾರ್ಮೋನಿಯಂಗೆ ಬೇಗ ಹಿಂತಿರುಗಬೇಕು, ಅದಕ್ಕೆ ಅಂತ ನಾನು ತಿಳಿದಿದ್ದೆ. ಅಪ್ಪಾಜಿಗೆ ಯಾವ ಹಾರ್ಮೋನಿಯಂ ಇತ್ತು? ಅವರ ಹೆಂಡತಿಗೆ, ಸೊಸೆಯರಿಗೆ ಯಾವ ಅವಸರವಿತ್ತು? ಕಡೆಯ ಸಾಲಿನಲ್ಲಿ ಯಾವಾಗಲೂ ಕೇರಿಯ ಮನೆಗಳು, ಅವರಲ್ಲೂ ಕಡೆಗೆ ರೇವಮ್ಮ. ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಹೇಳಿರಲಿಲ್ಲ, ಆದರೂ ಭಾನುವಾರ ಭಾನುವಾರ ಹಾಗೆಯೇ ನಡೆಯುತ್ತಿತ್ತು. ಒಂದೇ ಬಟ್ಟಲು ಅಂತ ಹೆಮ್ಮೆಪಡುವ ಸಭೆ ಅದರೊಳಗೇ ಎರಡು ಪಂಕ್ತಿ ಇಟ್ಟುಕೊಂಡಿತ್ತು. ಅದಕ್ಕೇ ಹೇಳುತ್ತೇನೆ, ನೀವು ನವೆಂಬರಿನಲ್ಲಿ ಸಭೆ ಒಡೆಯಲಿಲ್ಲ. ಒಡೆದಿದ್ದು ಅವತ್ತು ಕಣ್ಣಿಗೆ ಬಿತ್ತು, ಅಷ್ಟೇ.

ಈಗ ಹೋದ ಗುರುವಾರದ ವಿಷಯ ಕೇಳಿ. ನಿಮಗೆ ಯಾರೋ ಫೋನ್ ಮಾಡಿ ಉಪ್ಪುಖಾರ ಹಚ್ಚಿ ಹೇಳಿರುತ್ತಾರೆ, ನಡೆದಿದ್ದು ಇದು. ಶುಭ ಶುಕ್ರವಾರದ ಹಿಂದಿನ ದಿನ, ಸಂಜೆ ಆರೂವರೆಗೆ ಪ್ರಭುಭೋಜನದ ಆರಾಧನೆ. ಅಯ್ಯನವರು ಚಿಕ್ಕ ವಯಸ್ಸಿನವರು, ಉಳಿದ ಜನರನ್ನೂ ಕಳೆದುಕೊಂಡೇನು ಎಂಬ ಭಯ. ಬಟ್ಟಲನ್ನೂ ಇಡಿ, ಲೋಟದ ಟ್ರೇಯನ್ನೂ ಇಡಿ ಅಮ್ಮ, ಯಾರಿಗೆ ಯಾವುದು ಬೇಕೋ ತಗೊಳ್ಳಲಿ ಅಂದಿದ್ದರು. ನಾನು ಬಟ್ಟಲಿಗೆ ಮಾತ್ರ ರಸ ತುಂಬಿದೆ. ಟ್ರೇ ಮೇಲೆ ಬಟ್ಟೆ ಮುಚ್ಚಿಟ್ಟೆ, ಒಳಗಿನ ಲೋಟಗಳು ಖಾಲಿ. ಹೇಳದೆ ಮಾಡಿದ್ದು ತಪ್ಪೇ. ತಪ್ಪು ಅಂತ ಗೊತ್ತಿದ್ದೇ ಮಾಡಿದೆ.

ಅಯ್ಯನವರು ಬನ್ನಿ ಅಂತ ಕರೆದರು. ಮೊದಲು ಏಳುವ ಮನೆಗಳೆಲ್ಲ ನಿಮ್ಮ ಜೊತೆ ಹೋಗಿವೆಯಲ್ಲ, ಮುಂದಿನ ಬೆಂಚುಗಳು ಖಾಲಿ. ಯಾರು ಮೊದಲು ಏಳಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ನಿಜ ಹೇಳುತ್ತೇನೆ, ಇಡೀ ಸಭೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿತು. ನಾನು ಎದ್ದು ಹಿಂದಕ್ಕೆ ಹೋದೆ. ಬಾಗಿಲ ಪಕ್ಕ ಕೂತಿದ್ದ ರೇವಮ್ಮನ ಕೈ ಹಿಡಿದೆ. “ಇರ್ಲಿ ಬುಡವ್ವಾ, ಎಲ್ರೂ ಆಗ್ಲಿ” ಅಂದರು. ಆಗಲ್ಲ, ಇವತ್ತು ನೀವೇ ಮೊದಲು ಅಂದೆ. ನಡುವಿನ ದಾರಿಯಲ್ಲಿ ಅವರನ್ನು ಕರೆದುಕೊಂಡು ಹೋಗಿ ಕಟಕಟೆಯ ಮುಂದೆ ಮಂಡಿಯೂರಿಸಿ ಪಕ್ಕದಲ್ಲಿ ನಾನೂ ಮಂಡಿಯೂರಿದೆ. ಅವರು ಕುಡಿದರು. ಅಯ್ಯನವರು ಬಟ್ಟೆಯಿಂದ ಅಂಚು ಒರೆಸಲು ಹೋದಾಗ ಬೇಡ ಅಂತ ತಲೆಯಾಡಿಸಿ ಹಾಗೆಯೇ ಕುಡಿದೆ. ಹಿಂದೆ ಬಾಗಿಲ ಸದ್ದಾಯಿತು. ಎರಡು ಮನೆಯವರು ಎದ್ದು ಹೋದರು. ಎಂಟೊಂಬತ್ತು ಜನ ಕೂತ ಕಡೆಯಿಂದ ಏಳಲೇ ಇಲ್ಲ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಊರುಗೋಲು ಸದ್ದು ಮಾಡಿತು. ನೋಡಿದರೆ ಅತ್ತೆ! ಯಾರ ಕೈಯನ್ನೂ ಹಿಡಿಯದೆ ಬಂದು, ಮಂಡಿಯೂರಲಾಗದೆ ಕಟಕಟೆ ಹಿಡಿದು ನಿಂತೇ ಕುಡಿದರು. ಮೂರನೆಯವರಾಗಿ. ಆಮೇಲೆ ಜನ ಬರಲು ಶುರುವಾದರು, ಯಾವ ಸಾಲೂ ಇಲ್ಲ, ಯಾವ ಕ್ರಮವೂ ಇಲ್ಲ. ಆರಾಧನೆ ಮುಗಿದ ಮೇಲೆ ಅಯ್ಯನವರು, ನನ್ನನ್ನು ಒಂದು ಮಾತು ಕೇಳಬೇಕಿತ್ತು ಅಮ್ಮ ಅಂತ ಗದರಿದರು. ಕ್ಷಮೆ ಕೇಳಿದೆ, ಆದರೆ ಅಳಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅತ್ತೆ, “ಅವತ್ತು ನಂಗೆ ಹೊಟ್ಟೆನೋವಿರ್ಲಿಲ್ಲ ಕಣೇ ದಯಾ” ಅಂದರು. ಯಾವತ್ತು ಅಂತ ಕೇಳಿದೆ. ನನ್ನ ತಾಯಿ ಅಮೃತೂರಿನಿಂದ ಬಂದಿದ್ದ ಭಾನುವಾರ. ನಮ್ಮ ಮದುವೆಯಾಗಿ ಐದು ವರ್ಷವಾಗಿತ್ತು. ಅಮ್ಮನಿಗೆ ಇಲ್ಲಿಯ ಕ್ರಮ ಗೊತ್ತಿಲ್ಲ. ಅಯ್ಯನವರು ಕರೆದ ಕೂಡಲೇ ಖುಷಿಯಿಂದ ಎಲ್ಲರಿಗಿಂತ ಮೊದಲು ಹೋಗಿ ಮಂಡಿಯೂರಿದರು. ಅವತ್ತು ಅತ್ತೆ ಬಟ್ಟಲಿಗೆ ಎದ್ದು ಹೋಗಲಿಲ್ಲ, ಹೊಟ್ಟೆನೋವು ಅಂದರು. ಮನೆಗೆ ಬಂದು ನಾನು ಓಮದ ಕಷಾಯ ಮಾಡಿಕೊಟ್ಟೆ, ನನ್ನ ತಾಯಿ ಅವರ ಕಾಲು ಒತ್ತಿದರು. ಬಟ್ಟಲನ್ನು ಬಿಟ್ಟವರ ಕಾಲನ್ನು, ಬಟ್ಟಲಲ್ಲಿ ಕುಡಿದವರು ಒತ್ತಿದರು! ಅದನ್ನು ಹೇಳಿ ಅತ್ತೆ ಅತ್ತುಬಿಟ್ಟರು. ಅಳುತ್ತಲೇ ಇನ್ನೊಂದು ಮಾತು ಹೇಳಿದರು: “ನಿನ್ ಗಂಡಂಗೂ ಗೊತ್ತಿತ್ತು.”

ಅದನ್ನು ಕೇಳಿದ ಮೇಲೆ ನನಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ಯಾಕೆಂದರೆ ನಾನು ಮದುವೆಯಾದ ಹುಡುಗ ಬೇರೆ ಥರ ಇದ್ದ. ಯುವಜನ ಸಂಘದ ಕಾರ್ಯದರ್ಶಿ, ಸೈಕಲ್ ಮೇಲೆ ಅಮೃತೂರಿಗೆ ಬಂದು, ನಮ್ಮ ಕೇರಿಯ ಮಧ್ಯೆ ನಿಂತು, “ಕೊಟ್ರೆ ಈ ಮನೆ ಹುಡ್ಗೀನ ಕೊಡಿ, ಇಲ್ದಿದ್ರೆ ನಂಗೆ ಮದ್ವೇನೇ ಬ್ಯಾಡ” ಅಂದವನು. ನಿಮ್ಮ ಮನೆಯವರೆಲ್ಲ ಮುಖ ತಿರುಗಿಸಿದಾಗ ಒಬ್ಬನೇ ನಿಂತವನು. ನನ್ನನ್ನು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿಬಿಟ್ಟಿರಾ? ನನ್ನ ಕೈ ಅಡುಗೆ ಊಟಕ್ಕೆ ಆಗುತ್ತದೆ, ನನ್ನ ಕಡೆಯವರ ಬಾಯಿ ಬಟ್ಟಲಿಗೆ ಆಗುವುದಿಲ್ಲ ಅಂದರೆ ನಾನು ನಿಮಗೆ ಏನಾಗಬೇಕು? ಇದಕ್ಕೆ ಉತ್ತರ ಸತ್ಯವೇದದ ವಾಕ್ಯದಲ್ಲಿ ಬೇಡ, ನಿಮ್ಮ ಸ್ವಂತ ಮಾತಿನಲ್ಲಿ ಬೇಕು.

ಶುಕ್ರವಾರ ರೇವಮ್ಮನ ಮನೆಗೆ ಹೋಗಿ, ಇಷ್ಟು ವರ್ಷ ನಿಮಗೆ ಗೊತ್ತಾಗಲಿಲ್ಲವೇ ಅಂತ ಕೇಳಿದೆ. ಅವರು ಸೊಪ್ಪು ಬಿಡಿಸುತ್ತಾ, “ಗೊತ್ತಿಲ್ದೆ ಏನು? ಅದುಕ್ಕೇ ನಾನೇ ಕಡೇಲಿ ಹೋಯ್ತಿದ್ದೆ. ಅವ್ರು ಮುಖ ಕಿವುಚೋದ್ನ ನೋಡ್ಕಂಡು ಕುಡುದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣವ್ವಾ” ಅಂದರು. ನಲವತ್ತು ವರ್ಷ ನಮ್ಮ ಮರ್ಯಾದೆಯನ್ನು ಅವರು ಕಾಪಾಡಿದ್ದಾರೆ, ಅವರ ಮರ್ಯಾದೆಯನ್ನು ನಾವಲ್ಲ.

ಕಮಿಟಿಯವರು ಈ ಗುರುವಾರ ನನ್ನನ್ನು ವಿಚಾರಣೆಗೆ ಕರೆದಿದ್ದಾರೆ. ರಸ ಮಾಡುವ ಕೆಲಸ ಹೋದರೂ ಹೋಗಲಿ. ನೀವು ಬಿಟ್ಟರೂ ನಾನು ಬದುಕುತ್ತೇನೆ, ಆದರೆ ನೀವಿಲ್ಲದೆ ಮನೆ ಮನೆಯ ಹಾಗಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ನಿಮ್ಮ ತಮ್ಮನಿಗೆ, ಅವರ ಮನೆಯವರಿಗೆ ನನ್ನ ವಂದನೆ ಹೇಳಿ. ಮಾತ್ರೆ ಮರೆಯಬೇಡಿ. ದೇವರು ನಿಮ್ಮ ಮಂಡಿಯನ್ನು ಕಾಯಲಿ, ಅದಕ್ಕಿಂತ ಹೆಚ್ಚಾಗಿ ನಾಲಿಗೆಗೆ ಧೈರ್ಯ ಕೊಡಲಿ.

ಇಂತಿ ನಿಮ್ಮ,
ದಯಾಮಣಿ

ವಿ.ಸೂ: ಗಂಗಣ್ಣ ಆಟೋ ಸ್ಟಾರ್ಟ್ ಮಾಡಿಕೊಂಡು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಏಳನೇ ತಾರೀಖು ಭಾನುವಾರ ನಾನು, ಅತ್ತೆ, ರೇವಮ್ಮ ಮೂವರೂ ಕುಣಿಗಲ್ಲಿಗೆ ಬರುತ್ತಿದ್ದೇವೆ. ರೇವಮ್ಮನಿಗೆ ಎಲ್ಲವನ್ನೂ ಹೇಳಿಯೇ ಕೇಳಿದೆ. “ಯಾಕ್ ಬರ್ಬಾರ್ದು? ಬಸ್ಸಲ್ಲಿ ಕಿಟ್ಕಿ ಪಕ್ಕ ಕೂರ್ಸು, ಬರ್ತೀನಿ” ಅಂದರು. ಮುಂದಿನ ಸಾಲಿನಲ್ಲಿ ಜಾಗ ಇಡಿ. ಫಾರಂ ನನ್ನ ಬ್ಯಾಗಿನಲ್ಲೇ ಇರುತ್ತದೆ. ಯಾವ ಸಭೆ, ಯಾವ ಬೋರ್ಡು ಅಂತ ನಾನು ನೋಡುವುದಿಲ್ಲ. ಎಲ್ಲರೆದುರಿಗೆ, ಅಪ್ಪಾಜಿಯವರ ಎದುರಿಗೆ, ರೇವಮ್ಮ ಕುಡಿದ ಲೋಟದಲ್ಲೇ ನೀವು ಕುಡಿಯಿರಿ, ಅಲ್ಲೇ ನಿಂತು ಸಹಿ ಹಾಕುತ್ತೇನೆ. ಆಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ. ಆಗಲೂ ನಾವು ಬಂದೇ ಬರುತ್ತೇವೆ.