ಹಂಡೆ ನೀರಿಗಿಳಿದ ರಕ್ತ

ಹೂಳುಬಯಲು, ಫೆಬ್ರವರಿ ೩೦, ೨೨೩೮

ಇನ್ನೂರು ವರ್ಷ ಹಿಂದಿರುವ ಹಿರಿಯರೇ,

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ಕೇಳಬೇಡಿ, ಪಂಚಾಂಗವನ್ನು ನಾವು ತಿದ್ದಿಕೊಂಡಿದ್ದೇವೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮ್ಮನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಾನು ಅಂಬಕ್ಕ. ತುಂಗಭದ್ರೆಯ ಅಣೆಕಟ್ಟಿನ ಹೂಳು ಗಟ್ಟಿಯಾಗಿ ಊರಾದ ಜಾಗದಲ್ಲಿ ತಣಿಮನೆ ನೋಡಿಕೊಳ್ಳುತ್ತೇನೆ. ತಣಿಮನೆಯೆಂದರೆ ನಿಮ್ಮ ರಕ್ತನಿಧಿ. ಕೊಟ್ಟ ರಕ್ತದಿಂದ ಕೆಂಪುಕಣ ಬೇರ್ಪಡಿಸಿ ನಾಲ್ಕು ಡಿಗ್ರಿ ತಂಪಿನಲ್ಲಿ ಇಡುತ್ತೇವೆ. ಪ್ರತಿ ಚೀಲದ ಮೇಲೂ ಬಿಸಿಗಣ್ಣು ಎಂಬ ಬಿಳಿಯ ಚುಕ್ಕೆ ಇರುತ್ತದೆ. ಚೀಲ ಕಾದರೆ ಅದು ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಇಲ್ಲಿ ಹೆರಿಗೆ ಮನೆಯಲ್ಲೇ ಆಗುವುದರಿಂದ ರಕ್ತವನ್ನು ನಾನೇ ಮನೆಗೆ ಒಯ್ಯುತ್ತೇನೆ. ಆದರೆ ನೇರವಾಗಿ ಏರಿಸುವಂತಿಲ್ಲ. ಸೆರಗೊಡ್ಡು ಎಂಬ ಪದ್ಧತಿ ಇದೆ: ಮನೆಯ ಹಿರಿಯಳು ಚೀಲವನ್ನು ಸೆರಗಿನಲ್ಲಿ ಪಡೆದು, ದೇವರ ಮುಂದಿಟ್ಟು ಕೈಮುಗಿದ ಮೇಲೆಯೇ ಸೂಜಿ ಚುಚ್ಚಬೇಕು. ಇದು ನೀವು ಬಿಟ್ಟುಹೋದ ಆಸ್ತಿ. ಮಹಾದಾನ ಎಂದು ಬ್ಯಾನರು ಕಟ್ಟಿದಿರಿ, ಹಾರ ಹಾಕಿದಿರಿ, ಬಿಸ್ಕತ್ತು ತಿನ್ನಿಸಿ ಫೋಟೋ ತೆಗೆಸಿಕೊಂಡಿರಿ. ಕೊಟ್ಟದ್ದನ್ನು ಹೇಗೆ ಕಾಪಾಡಬೇಕೆಂದು ಒಬ್ಬ ಪುಣ್ಯಾತ್ಮನಾದರೂ ವೇದಿಕೆಯ ಮೇಲೆ ಹೇಳಿದನೇ? ಕೈಮುಗಿಯುವುದು ಮಾತ್ರ ನಮ್ಮವರೆಗೆ ಬಂತು.

ಹೋದ ವಾರ ನನ್ನ ತಂಗಿ ಹುಲಿಗೆವ್ವ ಹೆತ್ತಳು. ಹೆಣ್ಣುಮಗು ಚೆನ್ನಾಗಿತ್ತು, ತಾಯಿಯ ರಕ್ತಸ್ರಾವ ನಿಲ್ಲಲಿಲ್ಲ. ಅವಳದು ಅಪರೂಪದ ಗುಂಪು, ನಮ್ಮ ಸೀಮೆಗೆಲ್ಲ ಇದ್ದದ್ದು ಒಂದೇ ಚೀಲ. ಬಿದ್ದೆನೋ ಎದ್ದೆನೋ ಎಂದು ಓಡಿದೆ. ಬಾಗಿಲಲ್ಲೇ ಅವಳ ಅತ್ತೆ ಗಾಳೆವ್ವ ಸೆರಗೊಡ್ಡಿ ನಿಂತಿದ್ದಳು. ಈಗ ಅದೆಲ್ಲ ಬೇಡ ಎಂದೆ. ಯಾರೋ ಕೊಟ್ಟ ನೆತ್ತರಿಗೆ ಮರ್ಯಾದೆ ಇಲ್ಲವೇ ಎಂದು ಓಣಿಯೇ ನನ್ನ ಮೇಲೆ ಬಿತ್ತು, ಚೀಲ ಕಸಿದುಕೊಂಡರು. ನಾನು ತಂಗಿಯ ತೋಳಿಗೆ ನಳಿಕೆ ಜೋಡಿಸುವಷ್ಟರಲ್ಲಿ ಗಾಳೆವ್ವ ಚೀಲ ತಂದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಸಿಗಣ್ಣು ಕಪ್ಪಾಗಿತ್ತು.

“ಐಸಿನಂಗ ಇತ್ತವ್ವ. ಹಸಿ ಬಾಣಂತಿ ಮೈಗೆ ಹೆಂಗ ಬಿಡಾದು? ಹಂಡೆ ನೀರಾಗ ಅದ್ದಿ ಬೆಚ್ಚಗ ಮಾಡೀನಿ,” ಎಂದಳು. ಅವಳ ಮುಖದಲ್ಲಿ ಅಕ್ಕರೆ ಬಿಟ್ಟರೆ ಬೇರೇನೂ ಇರಲಿಲ್ಲ.

ಬಾಣಂತಿಗೆ ಎರೆಯಲು ಕಾಯಿಸಿದ ನೀರು ಅದು, ಕೈ ಇಟ್ಟರೆ ಬೊಬ್ಬೆ ಬರುವಷ್ಟು ಬಿಸಿ. ಆ ಬಿಸಿಗೆ ಕೆಂಪುಕಣ ಒಡೆಯುತ್ತದೆ, ಒಡೆದದ್ದನ್ನು ಏರಿಸಿದರೆ ಮೈಗೆ ವಿಷ. ತಂಪು ಮುರಿಯುವಷ್ಟು ಹದವಾದ ಶಾಖ ನನ್ನ ನಳಿಕೆಯಲ್ಲೇ ಇತ್ತು. ಗೋಗರೆದು ಹೇಳಿದೆ, ಯಾರೂ ಕೇಳಲಿಲ್ಲ. ಏರಿಸು, ಏರಿಸು ಎಂದು ಮನೆಯೆಲ್ಲ ಕೂಗಿತು. ತಂಗಿಯೂ ನನ್ನ ಕೈ ಹಿಡಿದು ಬೇಡಿದಳು. ನಾನು ಏರಿಸಲಿಲ್ಲ. ಮುಂಬೈಯಿಂದ ಇನ್ನೊಂದು ಚೀಲ ಬರುವ ಮೊದಲೇ ಹುಲಿಗೆವ್ವ ಹೋದಳು.

ಒಡಹುಟ್ಟಿದವಳೇ ರಕ್ತ ಕೊಡದೆ ಕೊಂದಳು ಎಂದು ಊರು ಮಾತಾಡುತ್ತಿದೆ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ: ನಿಮ್ಮ ಕಾಲದಲ್ಲಿ ಬಾಣಂತಿಗೆ ನೀರು ಕಾಯಿಸುವ ಅಜ್ಜಿಯರ ಪಕ್ಕದಲ್ಲಿ ಕೂತು, ರಕ್ತವನ್ನು ಬಿಸಿನೀರಿಗೆ ಅದ್ದಬಾರದೆಂದು ಹೇಳಿ. ಡಾಕ್ಟರಿಗೆ ಹೇಳಬೇಡಿ, ಅವರಿಗೆ ಗೊತ್ತಿದೆ. ಅಜ್ಜಿಯರು ಬೈದರೆ ಬೈಸಿಕೊಳ್ಳಿ, ಎದ್ದು ಬರಬೇಡಿ. ಇಲ್ಲಿ ನಿನ್ನೆ ಗಾಳೆವ್ವ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ತಲೆ ನೇವರಿಸಿ, “ಆದದ್ದಾತು ಬಿಡವ್ವ, ನಿನ್ನ ನಾ ಕ್ಷಮಿಸೀನಿ,” ಎಂದಳು.

ಅಂಬಕ್ಕ