ಯಾರೂ ಆಡದ ನಡೆ

ಜನವರಿ 14, ಮಂಗಳವಾರ

ಕೆಫೆಯ ಹಿಂದಿನ ಕೋಣೆಯಲ್ಲಿ ಮತ್ತೆ ಅದೇ. ಟಿವಿಯಲ್ಲಿ ಯುರೋಪಿನ ದೊಡ್ಡ ಚೆಸ್ ಟೂರ್ನಮೆಂಟ್. ಅದರ ಕೆಳಗೆ ಬಾಯಿ ತೆರೆದುಕೊಂಡು ಕೂತ ನಮ್ಮ ಬೋಸ್ನಿಯಾದ ಮಹಾಪುರುಷರು. ಅಲ್ಲಿ ಜಗತ್ತಿನ ಬುದ್ಧಿವಂತರು ಆಡುತ್ತಾರೆ, ಇಲ್ಲಿ ಅಮೆರಿಕದ ಸೇಂಟ್ ಲೂಯಿಸಿಗೆ ಬಂದು ನೆಲೆಸಿದ ದಡ್ಡರು ಅವರನ್ನು ತಿದ್ದುತ್ತಾರೆ. ಲಾರಿ ನೆಟ್ಟಗೆ ಹಿಂದಕ್ಕೆ ತೆಗೆಯಲು ಬಾರದವನು ಚಾಂಪಿಯನ್ನನ ಕುದುರೆ ಎಲ್ಲಿರಬೇಕೆಂದು ಹೇಳುತ್ತಾನೆ.

ಹಾಯ್ರೊ ಎಂದಿನಂತೆ ಮುಂದಿನ ಕುರ್ಚಿಯಲ್ಲಿ. ನಮ್ಮ ತಂಡದ ಮೊದಲನೇ ಬೋರ್ಡು, ಅಂದರೆ ಎಲ್ಲರಿಗಿಂತ ಗಟ್ಟಿ ಆಟಗಾರನ ಜಾಗ, ಅವನದು. ಗೆದ್ದರೆ ತನ್ನ ತಲೆ. ಸೋತರೆ ತಪ್ಪು ಹೊಗೆಯದು, ಸೆಕೆಯದು, ಕುರ್ಚಿಯ ಕಾಲಿನದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಾನು ಒಳಗೆ ಕಾಲಿಟ್ಟದ್ದೇ ತಡ, ಅವನ ರಾಗ —

"ಬಂದೆಯಾ ಮುನೆವೆರಾ? ಕಾಫಿ ಇಡು ತಂಗಿ. ನಿನ್ನ ಕೈ ಕಾಫಿ ಕುಡೀದೆ ನಿನ್ನ ಫ್ರೆಂಚ್ ಡಿಫೆನ್ಸ್ ಒಡೆಯೋಕೆ ಮನಸ್ಸೇ ಬರಲ್ಲ."

ಎಲ್ಲರೂ ನಕ್ಕರು. ಕಪ್ಪು ಕಾಯಿ ಸಿಕ್ಕರೆ ನಾನು ಆಡುವ ಓಪನಿಂಗ್ ಅದೊಂದೇ. ಕಾಫಿ ಇಟ್ಟೆ. ಆಡಿದೆ. ಸೋತೆ. ಹನ್ನೊಂದು ವರ್ಷದಿಂದ ಇದೇ ಕ್ರಮ.

ಜನವರಿ 16, ಗುರುವಾರ

ಇಡೀ ದಿನ ಯಾವಳದೋ ಮದುವೆ ಗೌನಿನ ಅಂಚು ಹೊಲಿದೆ. ಹೊಲಿಯುತ್ತಲೇ ನಿರ್ಧರಿಸಿದೆ. ಸಂಜೆ ಹೋಗಿ ಎಕ್ರೆಮ್‌ಗೆ ಹೇಳಿದೆ — ಕೆಫೆಯೂ ಅವನದೇ, ತಂಡವೂ ಅವನದೇ. ಫೆಬ್ರವರಿ 8ಕ್ಕೆ ಊರಾಚೆಯ ಶ್ರೀಮಂತರ ಕ್ಲಬ್ಬಿನ ಜೊತೆ ಪಂದ್ಯ. ಮೊದಲನೇ ಬೋರ್ಡು ನನಗೆ ಬೇಕು.

ಹಾಯ್ರೊ ಕಿವಿಗೂ ಬಿತ್ತು. "ಒಂದು ಆಟ ಆಡೋಣ. ಬಿಳಿ ನಂದು. ಡ್ರಾ ಆದ್ರೂ ಜಾಗ ನಂದೇ, ಅದು ಪದ್ಧತಿ. ಸೋತ್ರೆ ಏನು ಕೊಡ್ತೀಯ?"

"ಸಾಯೋ ತನಕ ಕಾಫಿ ಮಾಡ್ತೀನಿ."

"ಅದು ಈಗಲೂ ನಡೀತಿದೆಯಲ್ಲ!"

"ನೀನು ಸೋತರೆ ನೀನೇ ಮಾಡಬೇಕು ಅಣ್ಣ. ಎಲ್ಲರ ಮುಂದೆ."

ಎಕ್ರೆಮ್ ನಗು ತಡೆಯಲಾರದೆ ಒಳಗೆ ಓಡಿದ. ನಗಲಿ. ಆ ಕುರ್ಚಿ ನನಗೆ ಬೇಕು. ಹೊಟ್ಟೆ ಉರಿಯುವಷ್ಟು ಬೇಕು. ಈ ಡೈರಿಯಲ್ಲಿ ಬಿಟ್ಟರೆ ಬೇರೆಲ್ಲೂ ಇದನ್ನು ಹೇಳಲಾರೆ.

ಜನವರಿ 19, ಭಾನುವಾರ, ಬೆಳಿಗ್ಗೆ

ಸಿಕ್ಕಿತು!

ಮನೆಯಲ್ಲೇ ಟೂರ್ನಮೆಂಟ್ ನೋಡುತ್ತಿದ್ದೆ. ಕಪ್ಪು ಕಾಯಿಯವನು ಆಡಿದ್ದು ಫ್ರೆಂಚ್ ಡಿಫೆನ್ಸ್. ನನ್ನದೇ ಓಪನಿಂಗ್, ನಾನು ಪ್ರತಿಸಲ ಮುಗ್ಗರಿಸುವ ಅದೇ ಜಾಗ. ಅಲ್ಲಿ ಅವನು ಮಂತ್ರಿಯ ಕಡೆಯ ಅಂಚಿನ ಕಾಲಾಳನ್ನು ಒಂದು ಮನೆ ನೂಕಿದ. ಅಷ್ಟೇ. ಕಾಮೆಂಟರಿಯವರಿಗೆ ಮೈಮೇಲೆ ದೇವರು ಬಂದಂತಾಯಿತು. "ಎಂಥ ಆಳ! ಎಂಥ ತಾಳ್ಮೆ!" ಈ ಬಾಯಿಬಡುಕರು ಹೇಳಿದ್ದನ್ನು ಜನ್ಮದಲ್ಲಿ ಒಮ್ಮೆ ಒಪ್ಪಿದೆ. ಆಮೇಲೆ ತಮ್ಮ ಬೆಳಗಿನ ತಿಂಡಿಯ ಕಥೆ ಶುರುಮಾಡಿದರು. ಟಿವಿ ಆರಿಸಿದೆ.

ಹಾಯ್ರೊ ಟಿವಿಯಲ್ಲಿ ಕಂಡದ್ದನ್ನೇ ಆಡುವ ಗಿಳಿ. ಇದೇ ದಾರಿಗೆ ಬರುತ್ತಾನೆ. ಬರಲಿ.

ಮಗಳು ಫೋನಿನಲ್ಲಿ: "ಅಮ್ಮಾ, ಯಾವುದಕ್ಕೂ ಒಂದ್ಸಲ ಕಂಪ್ಯೂಟರಿಗೆ ಹಾಕಿ ನೋಡಿಬಿಡು." ಕಂಪ್ಯೂಟರ್ ತಲೆಯಿಲ್ಲದವರಿಗೆ.

ಜನವರಿ 27

ಆ ನಡೆಗಳನ್ನು ಹೊಲಿಗೆಯ ಮಧ್ಯೆಯೂ ಹೇಳಿಕೊಳ್ಳುತ್ತಿದ್ದೇನೆ. ಬೆರಳಿಗೆ ಸೂಜಿ ಚುಚ್ಚಿತು. ಗೌನಿಗೆ ರಕ್ತ ತಾಗಲಿಲ್ಲ, ಪುಣ್ಯ.

ಫೆಬ್ರವರಿ 2, ಭಾನುವಾರ

ಹಾಯ್ರೊ ಜೊತೆಗಿನ ಆ ಆಟ ಮುಗಿಸಿ ಈಗಷ್ಟೇ ಮನೆಗೆ ಬಂದೆ.

ಕೋಣೆ ತುಂಬ ಜನ. ಹಾಯ್ರೊ ನಾನು ಎಣಿಸಿದ ದಾರಿಗೇ ಬಂದ, ಒಂದೊಂದು ನಡೆಯೂ ಟಿವಿಯದ್ದೇ. ಆ ಜಾಗ ಬಂತು. ಅಂಚಿನ ಕಾಲಾಳನ್ನು ನೂಕಿ ಗಡಿಯಾರ ಒತ್ತಿದೆ — ಮಹಾರಾಣಿಯ ಹಾಗೆ.

ಹಾಯ್ರೊ ಬೋರ್ಡು ನೋಡಿದ. ನನ್ನನ್ನು ನೋಡಿದ. ಹೊಟ್ಟೆ ಕುಲುಕಿಸಿ ನಗತೊಡಗಿದ.

"ಅಯ್ಯೋ ತಂಗಿ! ಟಿವಿ ಬೇಗ ಆರಿಸಿಬಿಟ್ಟೆಯಲ್ಲೇ!"

"ಏನೀಗ?"

"ಆ ನಡೆ ಅಲ್ಲಿ ಯಾರೂ ಆಡೇ ಇಲ್ಲ! ಅಲ್ಲಿನ ಎಲೆಕ್ಟ್ರಾನಿಕ್ ಬೋರ್ಡಿನ ತಂತಿ ಕೆಟ್ಟು ಟಿವಿಲಿ ತಪ್ಪು ತೋರಿಸ್ತು. ಅವನು ನೂಕಿದ್ದು ರಾಜನ ಕಡೆ ಅಂಚಿನ ಕಾಲಾಳು. ಆಮೇಲೆ ಕ್ಷಮೆ ಕೇಳಿದ್ರು ಕಣೆ. ನೀನು ಆಡಿದ್ದೇ ಆಡಿದ್ರೆ ಬಿಳಿ ಒಂಟೆ ಬಲಿಕೊಟ್ಟು ಮುಗಿಸ್ತಾನೆ ಅಂತಾನೂ ಹೇಳಿದ್ರು!"

ಕೋಣೆ ನಗೆಯಲ್ಲಿ ಹಾರಿಹೋಯಿತು. ಕಿವಿ ಕಾದವು. ಗಿಳಿ ಎಂದು ಬೈದವಳು ನಾನೇ ಗಿಳಿ. ಅದೂ ಅರ್ಧ ಪಾಠ ಕಲಿತ ಗಿಳಿ. ಅವನು ಬಾಯಿ ತೆರೆದುಕೊಂಡು ಕೊನೆತನಕ ಕೂತಿದ್ದ, ನಾನು ಮೂಗು ಮುರಿದು ಎದ್ದಿದ್ದೆ.

"ವಾಪಸ್ ತಗೋ ಮುನೆವೆರಾ," ಎಂದ ಎಕ್ರೆಮ್.

"ತಗೋ, ತಗೋ," ಎಂದ ಹಾಯ್ರೊ. "ಹೆಂಗಸನ್ನ ಹೀಗೆ ಸೋಲಿಸ್ದೆ ಅಂತ ಹೆಸರು ನಂಗೆ ಬೇಡ."

"ಮುಟ್ಟಿದ ಕಾಯಿ ಮುಟ್ಟಿದ್ದೇ. ಬಾಯಿ ಮುಚ್ಚಿ ಆಡು."

ಒಂಟೆಯನ್ನು ನನ್ನ ರಾಜನ ಮುಂದಿನ ಕಾಲಾಳಿನ ಮೇಲೆ ಬಡಿದ. ರಾಜನಿಂದಲೇ ಹೊಡೆದೆ. ಕುದುರೆ ತಂದು ಚೆಕ್ ಕೊಟ್ಟ. ಕೈಕಟ್ಟಿ ಹಿಂದಕ್ಕೆ ಒರಗಿದ. ನನ್ನ ಬಳಿ ಕಂಠಪಾಠದ ಒಂದು ನಡೆಯೂ ಉಳಿದಿರಲಿಲ್ಲ. ಬೇರೆ ದಾರಿಯಿಲ್ಲದೆ ಬೋರ್ಡು ನೋಡಿದೆ. ತುಂಬಾ ಹೊತ್ತು ನೋಡಿದೆ. ರಾಜನನ್ನು ಹಿಂದಕ್ಕೆ ಎಳೆದರೆ ಸಾವು. ಮುಂದಕ್ಕೆ ನಡೆಸಿದೆ — ಬಟ್ಟಬಯಲಿಗೆ.

ಹಾಯ್ರೊ ಕೈ ಬಿಚ್ಚಿದ. "ಟಿವಿಯವರು ತೋರಿಸಿದ್ರಲ್ಲಿ ರಾಜ ಹಿಂದಕ್ಕೆ ಹೋಗಿದ್ದನಲ್ಲ..."

"ಹಾಗಾದ್ರೆ ಟಿವಿನೇ ಕೇಳು."

ಕೋಣೆಯ ಟಿವಿ ಆರಿಸಿಟ್ಟಿದ್ದರು. ನನ್ನ ರಾಜನನ್ನು ಅಟ್ಟಿಸಿಕೊಂಡು ಬಂದ, ತಡಕಾಡಿದ, ಬೆವೆತ. ಅವನಿಗೆ ಒಂದು ಒಂಟೆ ಕಡಿಮೆ, ದಾಳಿ ಮುಗಿಯಿತು. ಆಗ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ: "ಡ್ರಾ ಮಾಡ್ಕೊಳ್ಳೋಣ್ವಾ ಮುನೆವೆರಾ?"

ಡ್ರಾ ಆದರೆ ಕುರ್ಚಿ ಅವನದು. "ಬೇಡ ಅಣ್ಣ."

ಕೊನೆಗೆ ಸೋಲೊಪ್ಪಿ ತನ್ನ ರಾಜನನ್ನು ಮಲಗಿಸಿ ಕೈ ಕುಲುಕಿದ. ಹೊಗೆ ಎನ್ನಲಿಲ್ಲ. ಕುರ್ಚಿ ಎನ್ನಲಿಲ್ಲ. ಯಾವುದನ್ನೂ ದೂರದೆ ಕೋಟು ಹಾಕಿಕೊಂಡು ಹೋದ. ಖುಷಿಪಡಬೇಕೆಂದು ಕೂತೆ, ಆಗಲಿಲ್ಲ. ಬೈಯಲು ಅವನೇನೂ ಬಿಟ್ಟುಹೋಗಿರಲಿಲ್ಲ.

ಫೆಬ್ರವರಿ 8, ಶನಿವಾರ

ಶ್ರೀಮಂತರ ಕ್ಲಬ್ಬು. ಕಾರ್ಪೆಟ್ ನೋಡಿದರೆ ಇವರ ಆಟ ಎಂಥದೆಂದು ಗೊತ್ತಾಗುತ್ತದೆ. ಮೊದಲನೇ ಬೋರ್ಡಿಗೆ ನನ್ನ ಹೆಸರು ಅಂಟಿಸಿದ್ದಾರೆ, ಕಾಗುಣಿತ ತಪ್ಪು. ಎದುರಾಳಿ ಪೆನ್ನನ್ನು ರೂಲರ್ ಹಿಡಿದಂತೆ ನೆಟ್ಟಗೆ ಇಟ್ಟು ಕೂತಿದ್ದಾನೆ. ಪೆದ್ದ.

ಇಲ್ಲ. ಆಟ ನೋಡಿ ಹೇಳುತ್ತೇನೆ.

ಹಾಯ್ರೊ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಎರಡನೇ ಬೋರ್ಡು. ಒಂದು ಕೈಯಲ್ಲಿ ಮನೆಯಿಂದ ತಂದ ಫ್ಲಾಸ್ಕು, ಇನ್ನೊಂದರಲ್ಲಿ ಪುಟ್ಟ ಕಪ್ಪು, ಸಕ್ಕರೆ ತುಂಡು. ಎಲ್ಲರ ಮುಂದೆ ಬಗ್ಗಿ ಸುರಿದ.

"ಹೆಂಗಿದೆ?"

ನೊರೆಯಿಲ್ಲ. ತಳ ಹಿಡಿದ ವಾಸನೆ. ಹನ್ನೊಂದು ವರ್ಷ ಕುಡಿದರೂ ಮಾಡಲು ಕಲಿತಿಲ್ಲ ಮನುಷ್ಯ.

"ಇನ್ನೊಂದು ಸ್ವಲ್ಪ ಹಾಕು," ಎಂದೆ.

ಗಡಿಯಾರ ಶುರು ಮಾಡಲು ಕರೆಯುತ್ತಿದ್ದಾರೆ. ಕಪ್ಪಿನಲ್ಲಿ ಇನ್ನೂ ಅರ್ಧ ಇದೆ, ಅದನ್ನು ಕುಡಿದೇ ಆಟ ಶುರು —